ಮಡಿಸದೆ ಕತ್ತರಿಸಿದ ಬಟ್ಟೆ

ಹೊನ್ನಾಳಿ
೧೨ ಡಿಸೆಂಬರ್ ೨೦೨೫, ಶುಕ್ರವಾರ
ಮಧ್ಯಾಹ್ನ. ಕರೆಂಟ್ ಇಲ್ಲ, ಹೊಲಿಗೆ ಮಷೀನು ನಿಂತಿದೆ. ಅರ್ಪಿತಾ ಶಾಲೆಗೆ ಹೋಗಿದ್ದಾಳೆ.

ಪ್ರೀತಿಯ ಅತ್ತೆಮ್ಮನಿಗೆ ನಿಮ್ಮ ಸೊಸೆ ಅನಿತಾ ಮಾಡುವ ನಮಸ್ಕಾರಗಳು.

ಮೊಣಕಾಲಿನ ಊತ ಇಳಿಯಿತೇ? ಎಣ್ಣೆ ಹಚ್ಚಿದ ಮೇಲೆ ಬಿಸಿನೀರಿನ ಶಾಖ ಕೊಡಲು ಮರೆಯಬೇಡಿ. ಕಿವಿಯ ಮಷೀನನ್ನು ನೀವು ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟಿದ್ದೀರೆಂದು ಪಾಪಣ್ಣ ಭಾವ ಹೇಳಿದರು. ಅದು ಡಬ್ಬಿಯಲ್ಲಿದ್ದರೆ ಅಕ್ಕಿಗೆ ಕೇಳಿಸೀತೇ ಹೊರತು ನಿಮಗಲ್ಲ. ಚಳಿಗೆ ಬೆಳಗಿನ ಜಾವ ಅಂಗಳಕ್ಕೆ ಇಳಿಯಬೇಡಿ. ಇಲ್ಲಿ ನಾವೆಲ್ಲ ಆರೋಗ್ಯ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಮಗ ಚೆನ್ನಾಗಿದ್ದಾರೆ, ಬೆಳಿಗ್ಗೆಯೇ ನ್ಯಾಮತಿಗೆ ಹೋಗಿ ಕಂಬ ಹತ್ತಿದ್ದಾರೆ. ಲೈನ್‌ಮ್ಯಾನ್ ಮನೆಯಲ್ಲೇ ಕರೆಂಟಿಲ್ಲವೆಂದು ಬೀದಿಯವರು ನಗುತ್ತಾರೆ. ನಾನೂ ಗಟ್ಟಿಯಾಗಿದ್ದೇನೆ.

ಫೋನು ಬಿಟ್ಟು ಕಾಗದ ಯಾಕೆಂದು ನಿಮಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನಿಮಗೆ ಕೇಳಿಸುವಷ್ಟು ಜೋರಾಗಿ ಹೇಳಬೇಕು. ಅಷ್ಟು ಜೋರಾಗಿ ಹೇಳುವ ಮಾತಲ್ಲ ಇದು. ಪಾಪಣ್ಣ ಭಾವ ಭತ್ತದ ಹುಲ್ಲಿಗೆಂದು ಸಾಸ್ವೆಹಳ್ಳಿ ಕಡೆ ಗಾಡಿ ತಂದಿದ್ದಾರೆ, ಸೊಕ್ಕೆಗೆ ಹಿಂದಿರುಗುವಾಗ ಇಲ್ಲಿಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಅವರ ಕೈಯಲ್ಲಿ ಕಳಿಸುತ್ತೇನೆ. ಅವರಿಗೆ ಏನೂ ಹೇಳಿಲ್ಲ. ನೀವೊಬ್ಬರೇ ಕೂತು ಓದಿಕೊಳ್ಳಿ, ಬೇರೆಯವರಿಂದ ಓದಿಸಿಕೊಳ್ಳಬೇಡಿ. ರವಿಕೆಯ ಅಳತೆಗೆಂದು ಹಳೆಯ ಪೇಪರ್ ಕತ್ತರಿಸುತ್ತಾ ಕತ್ತರಿಸುತ್ತಾ ಅದರಲ್ಲೇ ಅಕ್ಷರ ಕಲಿತವರು ನೀವು. ನನ್ನ ಕೋಳಿಕಾಲು ಬರಹ ನಿಮಗೆ ಕಷ್ಟವಾಗಲಾರದು.

ವಿಷಯ ಶುರುವಾದದ್ದು ಕಪ್ಪೆಯಿಂದ. ಅರ್ಪಿತಾಳ ಶಾಲೆಯಲ್ಲಿ ಮುಂದಿನ ಶನಿವಾರ ವಾರ್ಷಿಕೋತ್ಸವ. ಡ್ಯಾನ್ಸ್ ಕಲಿಸುವ ರೂಪಶ್ರೀ ಮೇಡಂ ಏಳನೇ ತರಗತಿಯ ಹೆಣ್ಣುಮಕ್ಕಳಿಗೆ ಮಳೆ ಕರೆಯುವ ಕಪ್ಪೆಗಳ ನೃತ್ಯ ಹೇಳಿಕೊಡುತ್ತಿದ್ದಾರೆ. ಹಸಿರು ಬಟ್ಟೆ, ಕತ್ತಿನಿಂದ ಪಾದದವರೆಗೆ ಒಂದೇ ತುಂಡು, ಮೈಗೆ ಅಂಟಿಕೊಂಡಿರಬೇಕು, ಕುಪ್ಪಳಿಸಿದರೆ ಎಲ್ಲೂ ಹರಿಯಬಾರದು. "ಬಾಡಿಗೆಗೆ ತಂದ್ರೆ ನಾರ್ತಾವೆ ಅನಿತಕ್ಕ, ನೀವೇ ಹೊಲಿದುಕೊಡ್ರಿ" ಎಂದರು. ಅಂಥದ್ದನ್ನು ನಾನು ಹೊಲಿದವಳಲ್ಲ. ಆದರೂ ಒಪ್ಪಿಕೊಂಡೆ. ಕಪ್ಪೆಗಳಲ್ಲಿ ನಮ್ಮ ಹುಡುಗಿಯೂ ಒಬ್ಬಳು, ಅದೂ ಮುಂದಿನ ಸಾಲಿನಲ್ಲಿ. ಮನೆಯೆಲ್ಲ ವಟಗುಟ್ಟಿಕೊಂಡು ತಿರುಗುತ್ತಿದ್ದಾಳೆ. ಅವರಪ್ಪ ಊಟಕ್ಕೆ ಕೂತರೆ ಹಿಂದಿನಿಂದ ಬಂದು ಬೆನ್ನ ಮೇಲೆ ಹಾರುತ್ತಾಳೆ.

ಬಟ್ಟೆ ಲೈಕ್ರಾ, ದಾವಣಗೆರೆಯಿಂದ ತರಿಸಿದೆ. ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ನೀವು ನನಗೆ ಕಲಿಸಿದ್ದೆಲ್ಲ ಇಲ್ಲಿ ತಲೆಕೆಳಗಾಯಿತು. ಮೈಯಳತೆಗೆ ಉಸಿರಾಡುವಷ್ಟು ಲೂಸು ಸೇರಿಸಬೇಕು, ಹೊಲಿಗೆಗೆ ಇಷ್ಟು ಬಿಡಬೇಕು ಎಂದು ನೀವು ಹೇಳಿಕೊಟ್ಟಿರಿ. ಇದಕ್ಕೆ ಮೈಯಳತೆಯಲ್ಲೇ ಕಳೆಯಬೇಕು. ಹತ್ತಿಂಚಿನ ತುಂಡನ್ನು ಸ್ಕೇಲಿನ ಮೇಲಿಟ್ಟು ಎಳೆದು ನೋಡಿದೆ, ಅಡ್ಡಕ್ಕೆ ಹದಿನಾಲ್ಕರವರೆಗೂ ಸಲೀಸಾಗಿ ಬಂತು, ಉದ್ದಕ್ಕೆ ಅಷ್ಟಿಲ್ಲ. ಹಾಗಾಗಿ ಸುತ್ತಳತೆಯಲ್ಲಿ ಹೆಚ್ಚು ಕಳೆದೆ, ಉದ್ದದಲ್ಲಿ ಸ್ವಲ್ಪವೇ. ಎದೆಗೆ ಟಕ್ಸಿನ ಮಡಿಕೆ ಬೇಡ, ಸೊಂಟಕ್ಕೆ ಪಟ್ಟಿ ಬೇಡ. ಬಟ್ಟೆಯೇ ಮೈಯನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು ಅಳತೆ ಹೊಸದು: ಭುಜದ ಮೇಲಿಂದ ಟೇಪು ಇಳಿಸಿ, ಕಾಲಸಂದಿಯಿಂದ ಹಾಯಿಸಿ, ಬೆನ್ನ ಮೇಲಿಂದ ಮತ್ತೆ ಅದೇ ಭುಜಕ್ಕೆ ತರಬೇಕು. ಅದು ತಪ್ಪಿದರೆ ಕೂತಾಗ ಕತ್ತು ಹಿಡಿಯುತ್ತದೆ, ಇಲ್ಲವೇ ಕೆಳಗೆ ಜೋತುಬೀಳುತ್ತದೆ. ಅರ್ಪಿತಾಳಿಗೆ ಕಚಗುಳಿ, ಟೇಪು ಹಿಡಿದರೆ ಸಾಕು ಹಾವಿನ ಹಾಗೆ ಹೊರಳುತ್ತಾಳೆ. ಬಲ ಭುಜದಿಂದ ಅಳೆದಾಗ ಐವತ್ತೆರಡು ಬಂತು. ಮರುದಿನ ಖಾತ್ರಿಗೆಂದು ಅಳೆದೆ, ಅಂದು ಎಡ ಭುಜದಿಂದ ಹಿಡಿದಿದ್ದೆ, ಒಂದಿಂಚು ಕಡಿಮೆ ಬಂತು. ಹುಡುಗಿ ಅಲುಗಾಡಿದ್ದಾಳೆ ಎಂದುಕೊಂಡು ನಡುವಿನ ಲೆಕ್ಕ ಹಿಡಿದೆ.

ಖಾಕಿ ಕಾಗದದ ಮೇಲೆ ಅರ್ಧ ಮೈ ಬರೆದೆ. ಅರ್ಧ ಮುಂದು, ಅರ್ಧ ಹಿಂದು. ಬಟ್ಟೆ ಮಡಿಸಿ, ಕಾಗದ ಇಟ್ಟು ಕತ್ತರಿಸಿದೆ. ಮದುವೆಯಾದ ವರ್ಷ ಜಗಲಿಯ ಮೇಲೆ ಕೂರಿಸಿಕೊಂಡು ನೀವು ಹೇಳಿದ ಮೊದಲ ಪಾಠವೇ ಅದು. "ಅರ್ಧ ಬರಿ, ಮಡಿಸಿ ಕತ್ತರಿಸು. ಉಳಿದರ್ಧ ದೇವರು ಅಳತೆ ಮಾಡಿಯೇ ಇಟ್ಟಿರ್ತಾನೆ." ಇಷ್ಟು ವರ್ಷ ಆ ಮಾತಿನ ಮೇಲೆಯೇ ನನ್ನ ಕತ್ತರಿ ನಡೆದಿದೆ.

ಮೊದಲು ಅರ್ಪಿತಾಳದ್ದನ್ನೇ ಹೊಲಿದು ತೊಡಿಸಿದೆ. ಬೆನ್ನಿನ ಜಿಪ್ ಎಳೆದು ಹಿಂದೆ ಸರಿದು ನೋಡಿದರೆ ಅದು ನೆಟ್ಟಗಿಲ್ಲ. ಕತ್ತಿನಿಂದ ಹೊರಟು, ನಡುಬೆನ್ನಿಗೆ ಬರುವಷ್ಟರಲ್ಲಿ ಬಲಕ್ಕೆ ಸರಿದು, ಸೊಂಟಕ್ಕೆ ಮತ್ತೆ ಎಡಕ್ಕೆ ಬಂದಿತ್ತು, ಸೇತುವೆ ಮೇಲೆ ನಿಂತು ನೋಡಿದರೆ ಹೊಳೆ ತಿರುಗುವ ಹಾಗೆ. ಎಡಗಡೆ ನಡುವಿನಲ್ಲಿ ಓರೆ ಸುಕ್ಕು. ಇಂಥ ಬಟ್ಟೆಗೆ ಜಿಪ್ ಕೂರಿಸುವಾಗ ಕೈ ಎಳೆದರೆ ಹೀಗಾಗುತ್ತದೆ ಎಂದು ನನ್ನನ್ನೇ ಬೈದುಕೊಂಡು ಬಿಚ್ಚಿದೆ. ಒಳಗೆ ಹತ್ತಿಯ ಪಟ್ಟಿ ಕೊಟ್ಟು, ಕೈಹೊಲಿಗೆ ಹಾಕಿ ಹಿಡಿಸಿ, ಮತ್ತೆ ಹೊಲಿದೆ. ಅಂಗಿಯನ್ನು ಮೇಜಿನ ಮೇಲೆ ಹಾಸಿ ನೋಡಿದರೆ ಜಿಪ್ ದಾರ ಹಿಡಿದಷ್ಟು ನೇರ. ತೊಡಿಸಿದರೆ ಮತ್ತೆ ಹೊಳೆ. ಪುನಃ ಬಿಚ್ಚಿದೆ. "ಅಮ್ಮಾ, ನನ್ನದೊಂದೇ ಯಾಕೆ ಇಷ್ಟು ಸಲ ಬಿಚ್ಚಾಕೆ ಹತ್ತೀಯ? ಬೇರೆಯವರದ್ದು ಯಾವಾಗ ಹೊಲೀತೀಯ?" ಎಂದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮುಂದಿನ ಹೊಲಿಗೆ ಬಿಚ್ಚಿದೆ.

ಆ ಹೊತ್ತಿಗೆ ಹಿಂದಿನ ಬೀದಿಯ ಶಾಂತಲಾ ತನ್ನ ಮಗಳನ್ನು ಅಳತೆಗೆ ಕರೆತಂದಳು. ಆ ಹುಡುಗಿಯೂ ಕಪ್ಪೆ, ಎತ್ತರವೂ ಗಾತ್ರವೂ ಅರ್ಪಿತಾಳದ್ದೇ. ಅರ್ಪಿತಾಳ ಅಂಗಿಯನ್ನೇ ಅವಳಿಗೆ ತೊಡಿಸಿ ನೋಡಿದೆ. ಜಿಪ್ ಕತ್ತಿನಿಂದ ಸೊಂಟಕ್ಕೆ ತೂಗುಗುಂಡು ಬಿಟ್ಟಂತೆ ಇಳಿಯಿತು. ಒಂದು ಸುಕ್ಕಿಲ್ಲ. ಶಾಂತಲಾಳ ಬಾಯಿ ನಿಮಗೆ ಗೊತ್ತೇ ಇದೆ. "ಅಲ್ರೀ ಅನಿತಕ್ಕ, ಅಂಗಿ ಸರಿಯಾಗೇ ಐತೆ. ನಿಮ್ಮ ಮಗಳನ್ನೇ ಬಿಚ್ಚಿ ಹೊಲೀಬೇಕು ನೋಡ್ರಿ" ಎಂದು ನಕ್ಕಳು. ಕೆಟ್ಟ ಮನಸ್ಸಿನವಳಲ್ಲ, ತಮಾಷೆಗೆ ಅಂದದ್ದು. ನಾನೂ ನಕ್ಕೆ. ನಗುತ್ತಲೇ ಅರ್ಪಿತಾಳ ಬೆನ್ನಿನ ಕಡೆ ನೋಡಿದೆ.

ಅವರು ಹೋದ ಮೇಲೆ ಅರ್ಪಿತಾಳಿಗೆ ಅಂಗಿ ತೊಡಿಸಿ, ಕಪ್ಪೆ ಹಾಗೆ ಕೂತು ತೋರಿಸು ಎಂದೆ. ಖುಷಿಯಿಂದ ಕೂತಳು. ಅಂಗೈ ನೆಲಕ್ಕೆ ಊರಿ, ತಲೆ ಬಗ್ಗಿಸಿ, ಬೆನ್ನು ಬಾಗಿಸಿ. ನಾನು ಅವಳ ಹಿಂದೆ ನಿಂತಿದ್ದೆ. ಬಾಗಿಲಿನ ಬೆಳಕು ಓರೆಯಾಗಿ ಬೀಳುತ್ತಿತ್ತು. ಅತ್ತೆಮ್ಮಾ, ಬಲಗಡೆ ಬೆನ್ನು ಮೊರದ ಹಿಂಬದಿಯ ಹಾಗೆ ಮೇಲೆದ್ದಿತ್ತು. ಎಡಗಡೆ ತಗ್ಗು. ಆ ಹಸಿರು ಬಟ್ಟೆ ಏನನ್ನೂ ಮುಚ್ಚುವುದಿಲ್ಲ. ಶಾಲೆಯ ಯೂನಿಫಾರ್ಮ್, ಹಬ್ಬದ ಲಂಗ, ಚೂಡಿದಾರ ಎಲ್ಲವನ್ನೂ ನಾನೇ ಹೊಲಿದಿದ್ದೇನೆ. ಎಲ್ಲದರಲ್ಲೂ ಲೂಸು ಬಿಟ್ಟಿದ್ದೆನಲ್ಲ, ಆ ಲೂಸಿನೊಳಗೆ ಇದು ಕೂತಿತ್ತು. "ವಟರ್ ವಟರ್" ಎಂದು ಕೂಗಿ ಒಂದು ಸಲ ಹಾರಿದಳು. ನಾನು ಚೆನ್ನಾಗಿದೆ ಎಂದೆ.

ಈಗ ನಿಮ್ಮ ಹತ್ತಿರ ಮಾತ್ರ ಕೇಳಬಹುದಾದದ್ದನ್ನು ಬರೆಯುತ್ತೇನೆ. ಓದುವಾಗ ನಿಮಗೆ ಸಂಕಟವಾಗುತ್ತದೆ, ಬೇಕಾದರೆ ನೀರು ಕುಡಿದು ಓದಿ. ನಾನು ಸೊಕ್ಕೆಗೆ ಸೊಸೆಯಾಗಿ ಬಂದಾಗ ನಿಮ್ಮ ಮಗಳು ಅಜ್ಜಮ್ಮಕ್ಕ ಇದ್ದರು. ಅವರಿಗೆ ಮದುವೆಯ ಮಾತು ನಿಂತುಹೋಗಿ ಆಗಲೇ ಬಹಳ ಕಾಲವಾಗಿತ್ತು. ಸೆರಗು ಯಾವಾಗಲೂ ಎರಡೂ ಭುಜ ಮುಚ್ಚುವಂತೆ ಹೊದೆಯುತ್ತಿದ್ದರು. ಎಲ್ಲರ ರವಿಕೆಯನ್ನೂ ನೀವು ಬಟ್ಟೆ ಮಡಿಸಿ ಕತ್ತರಿಸುತ್ತಿದ್ದಿರಿ, ಅವರದ್ದೊಂದನ್ನು ಮಾತ್ರ ಚಾಪೆಯ ಮೇಲೆ ಬಿಡಿಸಿ ಹಾಸಿ, ಎಡಕ್ಕೆ ಬೇರೆ, ಬಲಕ್ಕೆ ಬೇರೆ ಚಾಕ್ ಎಳೆದು ಕತ್ತರಿಸುತ್ತಿದ್ದಿರಿ. ಎಡ ಭುಜದೊಳಗೆ ಹಳೆ ಸೀರೆಯ ತುಂಡು ಮಡಚಿ ಇಡುತ್ತಿದ್ದಿರಿ. ಹೊಸ ಸೊಸೆ, ಯಾಕೆಂದು ಕೇಳಲು ಧೈರ್ಯ ಬರಲಿಲ್ಲ. ಅಜ್ಜಮ್ಮಕ್ಕನೇ ಒಂದು ದಿನ ನನ್ನ ಮುಖ ನೋಡಿ, "ನನ್ನ ಮೈ ಅಳೆಯಾಕೆ ಎರಡು ಟೇಪು ಬೇಕು ಕಣೇ, ಒಂದು ಸೊಟ್ಟಂದು, ಒಂದು ನೆಟ್ಟಂದು" ಎಂದು ನಕ್ಕಿದ್ದರು. ಆಮೇಲೆ ಮೆಟ್ಟಿಲು ಹತ್ತಿದರೆ ಮೇಲುಸಿರು, ಮಾತಾಡಿದರೆ ಮೇಲುಸಿರು. ಕೊನೆಗೊಂದು ಚಳಿಗಾಲದ ಜ್ವರವನ್ನು ಅವರ ಎದೆ ತಡೆಯಲಿಲ್ಲ. ಅವರ ತಿಥಿ ಮುಗಿದ ಸಂಜೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಾ ನೀವು ನನ್ನೆದುರು ಒಂದೇ ಸಲ ಅಂದಿರಿ: "ಕೊಡ ಹೊರಿಸಿ ಹೊರಿಸಿ ನಾನೇ ಮುರಿದೆ ಕಣೇ ಅವಳನ್ನ. ಒಂದೇ ಸೊಂಟದ ಮ್ಯಾಲೆ ಹೊರ್ತಾಳೆ ಅಂತ ಗೊತ್ತಿದ್ರೂ ಕಳಿಸಿದೆ." ಆಮೇಲೆ ಆ ಮಾತನ್ನು ನೀವು ಎತ್ತಿಲ್ಲ, ನಾನೂ ಎತ್ತಿಲ್ಲ.

ಅಜ್ಜಮ್ಮಕ್ಕನಿಗೆ ಇದು ಶುರುವಾದದ್ದು ಯಾವ ವಯಸ್ಸಿನಲ್ಲಿ? ಅರ್ಪಿತಾಳ ವಯಸ್ಸಿನಲ್ಲೇ? ಮೊದಲು ಕಂಡದ್ದು ಭುಜವೋ, ಬೆನ್ನೋ? ನೋವೆಂದು ಹೇಳುತ್ತಿದ್ದರೇ? ಅರ್ಪಿತಾ ಏನೂ ನೋವಿಲ್ಲ ಎನ್ನುತ್ತಾಳೆ. ನಾನು ಸುತ್ತುಬಳಸಿ ಕೇಳುತ್ತೇನೆ, ಅವಳು ಸುತ್ತುಬಳಸಿ ಹೇಳುತ್ತಾಳೆ. ಮೊನ್ನೆ ತಲೆ ಬಾಚುವಾಗ, "ಬ್ಯಾಗು ಎಡಗಡೆಯಿಂದ ಜಾರ್ತಾನೇ ಇರ್ತದೆ, ಅದಕ್ಕೆ ಬಲಕ್ಕೆ ಹಾಕ್ಕೊಂತೀನಿ" ಎಂದಳು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು, ನಾನು ಬಾಚಣಿಗೆ ಹುಡುಕುವವಳಂತೆ ಬಗ್ಗಿದೆ. ಅದಾದ ಮೇಲೆ ಅವಳು ಸ್ನಾನಕ್ಕೆ ಹೋದರೆ ಟವೆಲ್ ಕೊಡುವ ನೆಪದಲ್ಲಿ ಬಾಗಿಲ ಬಳಿ ನಿಲ್ಲುತ್ತೇನೆ. ಮಲಗಿದ್ದರೆ ಉಸಿರು ಎಣಿಸುತ್ತೇನೆ. ಮಕ್ಕಳು ಓಡಿ ಬಂದು ಏದುಸಿರು ಬಿಡುವುದು ಸಹಜ, ಅವಳು ಬಿಟ್ಟರೆ ಮಾತ್ರ ನನಗೆ ಅಜ್ಜಮ್ಮಕ್ಕ ಮೆಟ್ಟಿಲ ಮೇಲೆ ಕೂತಂತೆ ಕೇಳಿಸುತ್ತದೆ. ಫೋನಿನಲ್ಲಿ ಹುಡುಕಿ ನೋಡಿದೆ. ಕೆಲವು ಚಿತ್ರ ನೋಡಿ ಮುಚ್ಚಿಟ್ಟೆ. ಮತ್ತೆ ತೆರೆಯಲು ಆಗಿಲ್ಲ.

ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಅಕ್ಕನೆಂದರೆ ಅವರಿಗೆ ಏನೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ದಿನ, ಅರ್ಪಿತಾ ಸ್ವಲ್ಪ ಬಗ್ಗಿ ನಡೆಯುತ್ತಾಳಲ್ಲ ಎಂದಷ್ಟೇ ಹೇಳಿ ನೋಡಿದೆ. "ಬೆಳೆಯೋ ಹುಡುಗಿ, ನಾಚಿಕೆಗೆ ಹಂಗೆ ನಡೀತಾಳೆ ಬಿಡು" ಎಂದು ಅನ್ನ ಕಲಸಿಕೊಂಡರು. ದಿನವಿಡೀ ಕರೆಂಟಿನ ಕಂಬದ ಮೇಲಿರುವ ಮನುಷ್ಯ. ಈ ಯೋಚನೆ ತಲೆಯಲ್ಲಿಟ್ಟುಕೊಂಡು ಹತ್ತಿದರೆ ಗತಿಯೇನು ಎಂಬ ಭಯ ಬೇರೆ. ಹೇಳದಿದ್ದರೂ ಭಯ, ಹೇಳಿದರೂ ಭಯ.

ನಿನ್ನೆ ನಡೆದದ್ದನ್ನು ಹೇಳದಿದ್ದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ರೂಪಶ್ರೀ ಮೇಡಂ ಬಟ್ಟೆ ನೋಡಲು ಬಂದಿದ್ದರು. ಅರ್ಪಿತಾಳ ಜಿಪ್ ನೋಡಿ, "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಂತೀರಿ? ಬೆನ್ನಿಗೆ ಒಂದು ಸ್ಪಂಜು ಇಟ್ಟುಬಿಡ್ರಿ. ಕಪ್ಪೆ ಅಲ್ವಾ, ಉಬ್ಬಿದ್ರೆ ಇನ್ನೂ ಚಂದ ಕಾಣ್ತದೆ" ಎಂದರು. ಅವರು ಹೋದ ಕೂಡಲೇ ಸ್ಪಂಜು ತೆಗೆದುಕೊಂಡು ಕೂತೆ. ಎಡಗಡೆ ದಪ್ಪ, ಬಲಕ್ಕೆ ಬರುತ್ತಾ ತೆಳ್ಳಗೆ, ಅಂಚುಗಳನ್ನು ಬ್ಲೇಡಿನಿಂದ ಸವರಿ ಒಳಗೆ ಹೊಲಿದೆ. ಎಡ ಭುಜಕ್ಕೆ ಸಣ್ಣದೊಂದು ತುಂಡು. ಯಾರೂ ಹೇಳಿಕೊಡಬೇಕಾಗಲಿಲ್ಲ, ಎಲ್ಲಿ ಎಷ್ಟು ಬೇಕೆಂದು ಕೈಗೆ ಗೊತ್ತಿತ್ತು. ತೊಡಿಸಿದೆ. ಜಿಪ್ ನೇರ ನಿಂತಿತು, ಭುಜ ಸಮವಾಯಿತು, ಬೆನ್ನು ಎರಡೂ ಕಡೆ ಒಂದೇ ಸಮ ಉಬ್ಬಿತು. ಎಷ್ಟು ಚೆನ್ನಾಗಿತ್ತೆಂದರೆ ಅರ್ಪಿತಾ ಕನ್ನಡಿ ಮುಂದಿನಿಂದ ಏಳಲೇ ಇಲ್ಲ. ನಿಮ್ಮ ಮಗ ಬಂದವರು ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದರು. ನಾನೂ ಒಂದು ಗಳಿಗೆ ಎಲ್ಲ ಸರಿಹೋಯಿತು ಎಂದೇ ನಂಬಿಬಿಟ್ಟೆ, ಅತ್ತೆಮ್ಮಾ. ಅಂಗಿ ಕಳಚಿ ಮೊಳೆಗೆ ನೇತುಹಾಕಿದಾಗ ಅದು ಹುಡುಗಿಯಿಲ್ಲದೆಯೂ ನೆಟ್ಟಗೆ ನಿಂತ ಬೆನ್ನಿನ ಹಾಗೆ ಗೋಡೆಗೆ ಒರಗಿತ್ತು. ಆಗ ಹೆದರಿದಷ್ಟು ನಾನು ಅವಳ ಬೆನ್ನು ನೋಡಿದ ದಿನವೂ ಹೆದರಿರಲಿಲ್ಲ. ಇನ್ನು ಮೇಲೆ ಪ್ರತಿ ಹಬ್ಬಕ್ಕೂ, ಪ್ರತಿ ಯೂನಿಫಾರ್ಮಿಗೂ ನಾನು ಹೀಗೆಯೇ ಮಾಡಬಲ್ಲೆ. ಯಾರಿಗೂ ಕಾಣದ ಹಾಗೆ, ವರ್ಷವರ್ಷವೂ ಸ್ಪಂಜನ್ನು ಸ್ವಲ್ಪ ಸ್ವಲ್ಪ ದಪ್ಪ ಮಾಡುತ್ತಾ.

ಇದನ್ನು ನಿಮ್ಮ ಮೇಲಿನ ದೂರೆಂದು ತಿಳಿಯಬೇಡಿ. ಆಗ ನಿಮಗೆ ಬೇರೆ ದಾರಿ ಏನಿತ್ತು? ಮಗಳು ನಾಲ್ಕು ಜನರೆದುರು ತಲೆಯೆತ್ತಿ ನಿಲ್ಲಲೆಂದು ನಿಮಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದಿರಿ. ಆದರೆ ನನಗೆ ಬೇರೆ ದಾರಿ ಇದೆಯೋ ಇಲ್ಲವೋ ಎಂದು ಕೇಳಿಯಾದರೂ ನೋಡಬೇಕು. ಬೆಳಿಗ್ಗೆ ಧೈರ್ಯ ಮಾಡಿ ದಾವಣಗೆರೆಯ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದೆ. ಎತ್ತಿದ ಹುಡುಗಿ ಮಗುವಿನ ವಯಸ್ಸು ಕೇಳಿದಳು. ಹೇಳಿದೆ. "ಬೆಳೆಯೋ ವಯಸ್ಸು ಅಲ್ವೇನ್ರೀ, ತಡ ಮಾಡಬ್ಯಾಡ್ರಿ" ಎಂದಳು. ಅದು ಒಳ್ಳೆಯ ಮಾತೋ ಕೆಟ್ಟ ಮಾತೋ ನನಗೆ ತಿಳಿಯಲಿಲ್ಲ. ಸೋಮವಾರ ಹನ್ನೊಂದಕ್ಕೆ ಹೆಸರು ಬರೆಸಿದ್ದೇನೆ. ಅರ್ಪಿತಾಳಿಗೆ ಏನು ಹೇಳಿ ಕರೆದೊಯ್ಯುವುದೆಂದು ಯೋಚಿಸಿ, ಇದ್ದದ್ದನ್ನೇ ಹೇಳುವುದೆಂದುಕೊಂಡಿದ್ದೇನೆ. ಅವಳಿಗೆ ಹೇಗೂ ಅರ್ಧ ಗೊತ್ತು. ಇವತ್ತು ಸಂಜೆ ನಿಮ್ಮ ಮಗ ಕಂಬ ಇಳಿದು ಮನೆಗೆ ಬಂದ ಮೇಲೆ, ಊಟವಾದ ಮೇಲೆ, ಅವರಿಗೂ ಹೇಳುತ್ತೇನೆ. ನಾಳೆ ಅವರಿಗೆ ರಜೆ, ಕಂಬ ಹತ್ತುವ ಕೆಲಸವಿಲ್ಲ.

ಭಾವನ ಮಕ್ಕಳಿಗೆ ನನ್ನ ಪ್ರೀತಿ ತಿಳಿಸಿ. ಭಾವನ ಮನೆಯ ಅಕ್ಕನಿಗೆ ಉಪ್ಪಿನಕಾಯಿ ಕಳಿಸಿದ್ದೇನೆ, ಖಾರ ಹೆಚ್ಚಿದೆ, ನೀವು ಮುಟ್ಟಬೇಡಿ. ನಿಮ್ಮ ಆಶೀರ್ವಾದ ಅರ್ಪಿತಾಳ ಬೆನ್ನ ಮೇಲಿರಲಿ.

ನಿಮ್ಮ ಸೊಸೆ,
ಅನಿತಾ

ವಿ.ಸೂ.: ಬೀದಿ ತಿರುವಿನಲ್ಲಿ ಹುಲ್ಲಿನ ಗಾಡಿ ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತೇ ಎಂದು ಕ್ಲಿನಿಕ್ಕಿನ ಹುಡುಗಿ ಕೇಳಿದಳು, ಗೊತ್ತಿರುವವರನ್ನು ಕರೆದುಕೊಂಡು ಬನ್ನಿ ಎಂದಳು. ಗೊತ್ತಿರುವವರು ನೀವೊಬ್ಬರೇ. ಸೋಮವಾರ ಬೆಳಿಗ್ಗೆ ಭಾವ ನಿಮ್ಮನ್ನು ಜಗಳೂರಿನಲ್ಲಿ ಬಸ್ಸು ಹತ್ತಿಸಲಿ, ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನಾವು ಕಾಯುತ್ತೇವೆ. ಕಿವಿಯ ಮಷೀನು ಅಕ್ಕಿ ಡಬ್ಬಿಯಿಂದ ತೆಗೆದು ಹಾಕಿಕೊಂಡೇ ಬನ್ನಿ. ಒಂದು ಮಾತು, ಡಾಕ್ಟರ ಮುಂದೆ ನೀರಿನ ಕೊಡದ ವಿಷಯ ಹೇಳಿ ಅಳಬೇಡಿ. ಅರ್ಪಿತಾ ಹುಟ್ಟಿದಾಗಿನಿಂದ ನಮ್ಮ ಮನೆಯೊಳಗೇ ನಲ್ಲಿ ಇದೆ. ಅವಳು ಒಂದು ದಿನವೂ ಕೊಡ ಹೊತ್ತವಳಲ್ಲ. ಆದರೂ ಅವಳಿಗೆ ಬಂದಿದೆ. ಅಜ್ಜಮ್ಮಕ್ಕನನ್ನು ನೀವು ಮುರಿಯಲಿಲ್ಲ ಅತ್ತೆಮ್ಮಾ. ಇದನ್ನು ನಿಮಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆದೆನೇನೋ. ಕಪ್ಪೆಯಂಗಿ ಇನ್ನೂ ಮೊಳೆಯಲ್ಲೇ ಇದೆ. ನಾಳೆ ಅರ್ಪಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪಂಜು ಬಿಚ್ಚುತ್ತೇನೆ, ಮಿಕ್ಕಿದ ಲೈಕ್ರಾವನ್ನು ಮಡಿಸದೆ ಹಾಸಿ, ಎಡಕ್ಕೆ ಬೇರೆ, ಬಲಕ್ಕೆ ಬೇರೆ ಅಳೆದು, ಅವಳ ಮೈ ಇದ್ದ ಹಾಗೆ ಹೊಸದು ಕತ್ತರಿಸುತ್ತೇನೆ. ಅದರೊಳಗೆ ಸ್ಪಂಜು ಬೇಕೋ ಬೇಡವೋ ಅವಳೇ ಹೇಳಲಿ.